ತಳ ಹತ್ತಿದ ಪಾಯಸದಿಂದ ಶುರು ಮಾಡಿ

ನಮಸ್ಕಾರ.

‘ಹತ್ತು’ ಪದದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸೋಕೂ ಮನಸ್ಸಿಲ್ಲ, ಯಾಕೆಂದರೆ ನಾಲ್ಕನೇ ಪುಟದಲ್ಲಿ ನಿಮ್ಮಜ್ಜಿ ಇದ್ದಾರೆ. ಜಗಲಿ ಮೇಲೆ ಮಾತಾಡುತ್ತಾ ಕೂತವರು ಮೂಗು ಅರಳಿಸಿ, ‘ಅಯ್ಯೋ, ಪಾಯಸ ತಳ ಹತ್ತಿತು’ ಅಂತ ಎದ್ದು ಓಡುತ್ತಾರೆ. ಲೇಖನ ಅಲ್ಲಿಂದಲೇ ಶುರುವಾಗಬೇಕು. ಮೊದಲ ಮೂರು ಪುಟ ಬರೀ ಕನ್ನಡದ ಹೊಗಳಿಕೆ. ಕನ್ನಡ ಓದುವವರ ಮುಂದೆ ಅದನ್ನು ಹೇಳಬೇಕಾ?

ಈಗ ಜಗಳದ ವಿಷಯ. ಕೈಬೆರಳುಗಳು ಒಂದಕ್ಕೊಂದು ಹತ್ತಿಕೊಂಡಿವೆ, ಅದಕ್ಕೇ ಎಣಿಕೆಯ ‘ಹತ್ತು’; ಬಟ್ಟೆಗೆ ಹತ್ತಿಕೊಳ್ಳುತ್ತದೆ, ಅದಕ್ಕೇ ‘ಹತ್ತಿ’ ಎಂದು ಬರೆದಿದ್ದೀರಿ. ಹತ್ತಿ ಗಿರಣಿಗಳ ಊರಿನವರು, ಹತ್ತಿ ಬಿಡೋಕೆ ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ. ಕಲ್ಪನೆ ಚೆನ್ನಾಗಿದೆ, ಆದರೆ ತಪ್ಪು. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೇ ಸವೆಯುತ್ತಾ ಬಂದು, ಮೂಲದಲ್ಲಿ ಬೇರೆ ಬೇರೆಯಾಗಿದ್ದ ಮೂರು ಪದಗಳು ಅಕ್ಕಪಕ್ಕ ನಿಂತಿವೆ. ತಮಿಳಿನಲ್ಲಿ ಎಣಿಕೆಗೆ ಪತ್ತು, ಹಿಡಿಯುವುದಕ್ಕೆ ಪಱ್ಱು, ಹತ್ತಿಗೆ ಪರುತ್ತಿ. ತೆಲುಗಿನಲ್ಲಿ ಪದಿ, ಪಟ್ಟು, ಪತ್ತಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ತೆಲುಗು ಮನೆಮಾತಿನ ಗೆಳೆಯರಿದ್ದರೆ ಒಂದು ಫೋನ್ ಸಾಕಿತ್ತು. ಕಿಟ್ಟೆಲ್ ಅವರ 1894ರ ನಿಘಂಟನ್ನೂ ತೆಗೆಯಿರಿ. ‘ಹ’ದಲ್ಲಿ ನೋಡಿ ನಿಲ್ಲಬೇಡಿ, ‘ಪ’ದಲ್ಲೂ ಹುಡುಕಿ.

ಈ ‘ಪಱ್ಱು’ ಬಳಗದ ಹತ್ತು ಇದೆಯಲ್ಲ, ಲೇಖನದ ಜೀವ ಅಲ್ಲೇ ಇದೆ. ಹಿಡಿಯೋದು, ಅಂಟೋದು ಅಂತ ಇಟ್ಟುಕೊಂಡು ನೋಡಿ. ದೋಸೆ ಕಾವಲಿಗೆ ಹತ್ತುತ್ತದೆ. ಸೌದೆಗೆ ಬೆಂಕಿ ಹತ್ತುತ್ತದೆ. ನಿದ್ದೆ ಹತ್ತುತ್ತದೆ, ಹುಡುಗರಿಗೆ ಮೊಬೈಲ್ ಚಟವೂ ಹತ್ತುತ್ತದೆ. ಮರ ಹತ್ತುವವನು ಮೊದಲು ಮರ ತಬ್ಬಿಕೊಳ್ಳಬೇಕು, ಅಲ್ವಾ? ದೀಪ ಹಚ್ಚುವುದು, ಎಣ್ಣೆ ಹಚ್ಚುವುದು ಕೂಡ ಇದೇ ಮನೆಯವು: ತಾನಾಗಿ ಆದರೆ ಹತ್ತು, ನಾವು ಮಾಡಿದರೆ ಹಚ್ಚು. ನೀವು ಇದನ್ನು ಬಿಟ್ಟು ನಲವತ್ತು ಅರ್ಥಗಳ ಪಟ್ಟಿ ಕೊಟ್ಟಿದ್ದೀರಿ. ಪಟ್ಟಿ ಯಾರೂ ಓದುವುದಿಲ್ಲ. ನಾನೇ ಹನ್ನೆರಡಕ್ಕೆ ನಿಲ್ಲಿಸಿದೆ, ಆಮೇಲೆ ಮನಸ್ಸು ಚುಚ್ಚಿ ಮುಗಿಸಿದೆ.

ಅಷ್ಟು ಉದ್ದದ ಪಟ್ಟಿಯಲ್ಲಿ ಪಕ್ಕದೂರಿನ ಮಾತೇ ಇಲ್ಲ. ಹರಿಹರದ ಹೊಳೆ ದಾಟಿ ರಾಣೆಬೆನ್ನೂರು ಕಡೆ ಹೋದರೆ ‘ಮಳಿ ಬರಾಕ ಹತ್ತೈತಿ’ ಅಂತಾರೆ. ಮಳೆ ಈಗ ಬರುತ್ತಿದೆ ಎಂದು ಅರ್ಥ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ.

ಎರಡೂವರೆ ಪುಟಕ್ಕೆ ಇಳಿಸಿ. ಆ ಪಾಯಸ ಕೊನೆಗೆ ಚೆಲ್ಲಿದರಾ, ಎಲ್ಲರೂ ತಿಂದರಾ, ಅದನ್ನೂ ಬರೆಯಿರಿ. ತಿದ್ದೋಕೆ ಎಷ್ಟು ದಿನ ಹತ್ತುತ್ತದೆ ಅಂತ ತಿಳಿಸಿ. ದಿನ ಹತ್ತುವ ಈ ‘ಹತ್ತು’ ಕೂಡ ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದೆ, ನೋಡಿ.

ಇಂತಿ,
ಸಂಪಾದಕ, ದಾವಣಗೆರೆ