ಮಗುವಿನ ಭೇದಿ ನಿಂತ ಮೇಲೂ ಜಿಂಕ್ ಮಾತ್ರೆ ಕೊಡಬೇಕಾ?

ಹೌದು, 14 ದಿನದ ಕೋರ್ಸ್ ಮುಗಿಸಿ. ಭೇದಿ ನಿಂತರೂ ಕರುಳಿನ ಒಳಪದರ ಅಷ್ಟು ಬೇಗ ವಾಸಿಯಾಗುವುದಿಲ್ಲ. ಅಲ್ಲಿ ಹೊಸ ಕೋಶ ಹುಟ್ಟಲು ಜಿಂಕ್ ಬೇಕು. ಭೇದಿಯಲ್ಲಿ ಅದೇ ಜಿಂಕ್ ಮೈಯಿಂದ ಹೊರಗೆ ಹೋಗಿರುತ್ತದೆ. 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಅಲ್ಲಿಂದ 5 ವರ್ಷದವರೆಗೆ 20. ಚಮಚದಲ್ಲಿ ಸ್ವಲ್ಪ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿ ಮಾತ್ರೆ ಬಿಟ್ಟರೆ ಸಾಕು, ಕರಗುತ್ತದೆ.

ಜೊತೆಗೆ ಓಆರ್‌ಎಸ್ (ಉಪ್ಪು, ಗ್ಲೂಕೋಸ್ ಇರುವ ಪುಡಿಯನ್ನು ನೀರಿಗೆ ಕಲಸಿ ಕುಡಿಸುವುದು) ಇರಲೇಬೇಕು. ಅದರಲ್ಲಿರುವ ಗ್ಲೂಕೋಸ್ ಸುಮ್ನೆ ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್, ಸೋಡಿಯಂ ಎರಡೂ ಜೋಡಿಯಾಗಿ ಒಳಗೆ ಹೋಗುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಭೇದಿಯಲ್ಲಿ ಕಳೆದುಹೋದ ಪೊಟ್ಯಾಸಿಯಂ ಕೂಡ ಇದರಿಂದಲೇ ವಾಪಸ್ ಸಿಗುತ್ತದೆ. ಲೆಕ್ಕ ತಪ್ಪಿದರೆ ಕೆಲಸ ಕೆಡುತ್ತದೆ. 1 ಲೀಟರಿನ ಪ್ಯಾಕೆಟ್ ಅಂದರೆ ಪೂರ್ತಿ 1 ಲೀಟರ್ ನೀರು. ಲೋಟಕ್ಕೆ ಅಂದಾಜಿನಲ್ಲಿ ಸುರಿದು ಕಲಸುವವರೇ ಜಾಸ್ತಿ, ಅಲ್ವಾ? ಅದು ಬೇಡ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಅಂಗಡಿಯ ಸಿಹಿ ಜ್ಯೂಸೂ ಬೇಡ. ಜಾಸ್ತಿ ಸಕ್ಕರೆ ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ.

ಮಗು ಮಂಕಾದರೆ, ಏನೂ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.