ಟಗರನ್ನು ಯಾವಾಗ ಮಂದೆಗೆ ಬಿಡಬೇಕು? ಕುರಿ ಸಾಕುವವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಮುಂಗಾರು ಹತ್ತಿರ ಬರುತ್ತಿದ್ದಂತೆ ಕುರಿ ಸಾಕುವವರ ಪತ್ರಗಳು ಜಾಸ್ತಿಯಾಗಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಕೆಲವು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಬಹುತೇಕ ತೊಂದರೆಗಳ ಬೇರೂ ಅಲ್ಲೇ ಇದೆ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಾ ತಾಲ್ಲೂಕು. ಐವತ್ತು ಕುರಿ, ಎರಡು ಟಗರು ಇವೆ. ಟಗರು ವರ್ಷವೆಲ್ಲಾ ಮಂದೆಯಲ್ಲೇ ಇರುತ್ತವೆ. ಹೋದ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹುಟ್ಟಿದ ಮರಿಗಳು ಅರ್ಧಕ್ಕರ್ಧ ಸತ್ತವು. ಕೆಲವು ಕುರಿ ಗಬ್ಬವೇ ಆಗಲಿಲ್ಲ. ಯಾವ ಟಾನಿಕ್ ಕೊಡಬೇಕು?

ಉತ್ತರ: ಟಾನಿಕ್‌ಗೆ ದುಡ್ಡು ಹಾಕಬೇಡಿ. ಮೊದಲು ಟಗರುಗಳನ್ನು ಮಂದೆಯಿಂದ ಬೇರೆ ಮಾಡಿ.

ಕುರಿ ಗಬ್ಬ ಹೊರುವುದು ಸುಮಾರು 150 ದಿನ, ಅಂದರೆ ಐದು ತಿಂಗಳು. ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮರಿ ಏಪ್ರಿಲ್‌ನಲ್ಲಿ ನಿಂತದ್ದು. ಯುಗಾದಿ ಆಸುಪಾಸಿನಲ್ಲಿ ಜಾಲಿಕಾಯಿ ಉದುರುತ್ತದೆ. ಅದನ್ನು ತಿಂದು ಒಂದಿಷ್ಟು ಮೈ ಹಿಡಿದ ಕುರಿಗಳು ಬೆದೆಗೆ ಬರುತ್ತವೆ. ಟಗರು ಪಕ್ಕದಲ್ಲೇ ಇದೆ, ಗಬ್ಬ ನಿಲ್ಲುತ್ತದೆ. ಆ ಮರಿ ನೆಲಕ್ಕೆ ಬೀಳುವ ಹೊತ್ತಿಗೆ ನಮ್ಮ ಕಡೆ ವರ್ಷದ ಜೋರು ಮಳೆ. ರೊಪ್ಪ ಕೆಸರು, ಮರಿಯ ಮೈ ಒದ್ದೆ, ತಾಯಿಯ ಹೊಟ್ಟೆಯಲ್ಲಿ ಜಂತು. ಮರಿ ಸಾಯುವುದು ಟಾನಿಕ್ ಇಲ್ಲದೆ ಅಲ್ಲ, ತಪ್ಪು ತಿಂಗಳಲ್ಲಿ ಹುಟ್ಟಿ.

ಅದಕ್ಕೇ ಮರಿ ಯಾವಾಗ ಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಅಲ್ಲಿಂದ ಐದು ತಿಂಗಳು ಹಿಂದಕ್ಕೆ ಎಣಿಸಿ. ಮಳೆ ನಂಬಿದ ಮಂದೆಗೆ ನಮ್ಮ ಸೀಮೆಯಲ್ಲಿ ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆವರೆಗಿನ ಕಾಲಕ್ಕೆ ಸಮನಾದದ್ದು ಇನ್ನೊಂದಿಲ್ಲ. ಮಳೆ ಹಿಂದೆ ಸರಿದಿರುತ್ತದೆ. ಬದುಗಳಲ್ಲಿ ಹುಲ್ಲು ಇನ್ನೂ ಇರುತ್ತದೆ. ರಾಗಿ ಕೊಯ್ದ ಹೊಲ ಸಿಗುತ್ತದೆ. ಕಡ್ಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ಅವರೆ ಹೊಟ್ಟು ಒಂದರ ಹಿಂದೆ ಒಂದು ಮನೆಗೆ ಬರುತ್ತವೆ. ಹಾಲು ಕೊಡುವ ತಾಯಿಗೆ ಇನ್ನೇನು ಬೇಕು?

ಜೂನ್ 15ಕ್ಕೆ ಟಗರು ಬಿಟ್ಟರೆ ಮೊದಲ ಮರಿ ನವೆಂಬರ್ 12ರ ಸುಮಾರಿಗೆ. ಜುಲೈ 31ಕ್ಕೆ ಟಗರು ತೆಗೆದರೆ ಕೊನೆಯ ಮರಿ ಡಿಸೆಂಬರ್ 28ರ ಸುಮಾರಿಗೆ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಹಾಗಾಗಿ ಒಂದೂವರೆ ತಿಂಗಳಲ್ಲಿ ಪ್ರತಿ ಕುರಿಗೂ ಎರಡು, ಬಹಳಷ್ಟಕ್ಕೆ ಮೂರು ಅವಕಾಶ ಸಿಗುತ್ತದೆ. 25ರಿಂದ 30 ಕುರಿಗೆ ಒಂದು ಟಗರು ಸಾಕು, ನಿಮ್ಮ ಲೆಕ್ಕ ಸರಿಯಾಗಿದೆ.

ಟಗರನ್ನು ಬೇರೆ ಕಟ್ಟಿ ಮೇಯಿಸಲು ಆಳಿಲ್ಲ ಅಂತೀರೇನೋ. ಆಗ ಅದರ ಹೊಟ್ಟೆಯ ಕೆಳಗೆ, ಶಿಶ್ನದ ಮುಂದೆ ಬರುವ ಹಾಗೆ, ಗೋಣಿಚೀಲದ ಪರದೆ ಕಟ್ಟಿ. ಮಂದೆಯ ಜೊತೆಗೇ ಮೇಯುತ್ತದೆ, ಹಾರಿದರೂ ಗಬ್ಬ ನಿಲ್ಲುವುದಿಲ್ಲ. ಎರಡು ದಿನಕ್ಕೊಮ್ಮೆ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಮೂತ್ರಕ್ಕೆ ನೆನೆದು ಚರ್ಮ ಹುಣ್ಣಾಗುತ್ತದೆ. ಆದರೂ ಸಾಧ್ಯವಿದ್ದರೆ ಒಂದು ತಿಂಗಳಾದರೂ ಪೂರ್ತಿ ದೂರ ಇಡಿ, ಕಣ್ಣಿಗೂ ಕಾಣದ ಹಾಗೆ, ವಾಸನೆಯೂ ತಾಗದ ಹಾಗೆ. ಹಾಗೆ ದೂರವಿದ್ದ ಟಗರು ಒಮ್ಮೆಗೆ ಒಳಗೆ ಬಂದರೆ ಬಹಳ ಕುರಿಗಳು ಸ್ವಲ್ಪ ದಿನಗಳ ಅಂತರದಲ್ಲೇ ಬೆದೆಗೆ ಬರುತ್ತವೆ. ಮರಿಗಳೂ ಒಟ್ಟಿಗೆ ಹುಟ್ಟುತ್ತವೆ.

ಇನ್ನು ಗಬ್ಬ ನಿಲ್ಲದ ಕುರಿಗಳ ವಿಷಯ. ಬೇಸಿಗೆ ಕಳೆದ ಕುರಿಯ ಬೆನ್ನು ಮುಟ್ಟಿ ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಟ್ಟು ಒತ್ತಿ. ಮೂಳೆಯ ತುದಿಗಳು ಬೆರಳಿಗೆ ಚುಚ್ಚಿದರೆ ಆ ಕುರಿ ಗಬ್ಬಕ್ಕೆ ತಯಾರಿಲ್ಲ. ಮೂಳೆ ಗೊತ್ತಾಗಬೇಕು, ಚುಚ್ಚಬಾರದು. ಟಗರು ಬಿಡುವುದಕ್ಕೆ ಮೂರು ವಾರ ಮುಂಚಿನಿಂದ ಕುರಿಯೊಂದಕ್ಕೆ ದಿನಕ್ಕೆ 200ರಿಂದ 250 ಗ್ರಾಂ ಕೈತಿಂಡಿ ಕೊಡಿ. ಜೋಳದ ನುಚ್ಚು, ಬೂಸಾ, ಸ್ವಲ್ಪ ಕಡ್ಲೆಕಾಯಿ ಹಿಂಡಿ, ಚಿಟಿಕೆ ಖನಿಜ ಮಿಶ್ರಣ. ವರ್ಷವಿಡೀ ಕೈತಿಂಡಿ ಹಾಕಲು ಯಾರಿಂದಲೂ ಆಗಲ್ಲ. ಆದರೆ ಈ ಮೂರು ವಾರದ ಖರ್ಚು ಮರಿಗಳ ಲೆಕ್ಕದಲ್ಲಿ ವಾಪಸ್ ಬರುತ್ತದೆ. ಬೆದೆಯಲ್ಲಿ ಬಿಡುಗಡೆಯಾಗುವ ಮೊಟ್ಟೆಯೂ ಜಾಸ್ತಿ, ಗಬ್ಬ ನಿಲ್ಲುವುದೂ ಜಾಸ್ತಿ.

ಟಗರನ್ನು ಎಲ್ಲರೂ ಮರೆಯುತ್ತಾರೆ. ಅದರ ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಜೂನ್ ಮಧ್ಯದ ಕೆಲಸಕ್ಕೆ ಏಪ್ರಿಲ್ ಕೊನೆಯಿಂದಲೇ ಅದಕ್ಕೆ ನೆರಳು, ನೀರು, ಮೇವು ಸರಿಯಾಗಿ ಸಿಗಬೇಕು. ಬಿಸಿಲಲ್ಲಿ ಬೆಂದ ಟಗರು ಹಾರುತ್ತದೆ, ಫಲ ನಿಲ್ಲುವುದಿಲ್ಲ.

ಬಿಡುವ ದಿನ ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಜಾಜು ಬಳಿಯಿರಿ. ಹಾರಿದ ಕುರಿಯ ಬೆನ್ನ ಮೇಲೆ ಕೆಂಪು ಗುರುತು ಬೀಳುತ್ತದೆ. 17 ದಿನ ಆದ ಮೇಲೆ ಬಟ್ಟೆಗೆ ಹಾಕುವ ನೀಲಿ ಬಳಿಯಿರಿ. ಕೆಂಪು ಬಿದ್ದ ಕುರಿಗೆ ಮತ್ತೆ ನೀಲಿ ಬಿದ್ದರೆ ಮೊದಲ ಸಲ ನಿಂತಿಲ್ಲ ಅಂತ ಅರ್ಥ. ಬಹುತೇಕ ಎಲ್ಲಕ್ಕೂ ಹೀಗೇ ಆದರೆ ಟಗರಿನಲ್ಲೇ ದೋಷ, ತಕ್ಷಣ ಬದಲಿಸಿ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಹೊಟ್ಟೆಯಲ್ಲಿ ಮರಿ ಬೆಳೆಯುವುದರಲ್ಲಿ ಮುಕ್ಕಾಲು ಪಾಲಿನಷ್ಟು ಕೊನೆಯ ಆರು ವಾರದಲ್ಲೇ ಆಗುತ್ತದೆ. ಅಂದರೆ ಅಕ್ಟೋಬರ್‌ನಿಂದ ಮತ್ತೆ ಕೈತಿಂಡಿ. ಈಯುವುದಕ್ಕೆ ಮೂರ್ನಾಲ್ಕು ವಾರ ಮುಂಚೆ ತಾಯಿಗೆ ಇ.ಟಿ (ಕರುಳುಬೇನೆ) ಲಸಿಕೆ ಹಾಕಿಸಿ. ಆ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೆ ಸೇರುತ್ತದೆ.

ಮರಿ ಹುಟ್ಟಿದ ಮೇಲೆ ಮೊದಲ ಒಂದು ಗಂಟೆ ಬಹಳ ಮುಖ್ಯ. ಮೂಗಿನ ಲೋಳೆ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ತಾಯಿ ನೆಕ್ಕಲು ಬಿಡಿ. ಮೊಲೆಯ ಮೊದಲೆರಡು ಹನಿ ಹಿಂಡಿ ತೆಗೆದು ಮರಿಗೆ ಗಿಣ್ಣು ಕುಡಿಸಿ. ಎರಡೂವರೆ ಕೆಜಿ ತೂಗುವ ಮರಿಗೆ ಮೊದಲ ದಿನದಲ್ಲಿ ಕಾಲು ಲೀಟರ್‌ನಷ್ಟಾದರೂ ಗಿಣ್ಣು ಹೊಟ್ಟೆ ಸೇರಬೇಕು. ಬೆಳಗಿನ ಜಾವ ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಅದು ಹಾಲಿಲ್ಲದೆ ಚಳಿಗೆ ಸಿಕ್ಕಿದೆ. ಒಣ ಗೋಣಿಯಲ್ಲಿ ಸುತ್ತಿ, ಬೆಚ್ಚಗೆ ಇಟ್ಟು, ಚೀಪುವಷ್ಟು ಶಕ್ತಿ ಇದ್ದರೆ ಗಿಣ್ಣು ಕೊಡಿ. ಚೀಪಲಾರದ ಮರಿಯ ಬಾಯಿಗೆ ಸುಮ್ನೆ ಹಾಲು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥದ್ದನ್ನು ಆಸ್ಪತ್ರೆಗೆ ತನ್ನಿ.

ಈ ಏಪ್ರಿಲ್‌ನಲ್ಲಿ ಆಗಲೇ ಗಬ್ಬ ನಿಂತ ಕುರಿಗಳಿಗೆ ಈ ವರ್ಷ ಬೇರೆ ದಾರಿಯಿಲ್ಲ. ಅವಕ್ಕೆ ಎತ್ತರದ ಒಣ ಜಾಗ, ಮೇಲೊಂದು ತಾಡಪಾಲು, ಕೆಳಗೆ ಒಣ ಹುಲ್ಲು ಈಗಲೇ ಸಿದ್ಧ ಮಾಡಿಕೊಳ್ಳಿ.

ಪ್ರಶ್ನೆ: ಸಾರ್, ಮುಳಬಾಗಿಲು ಹತ್ತಿರದ ಹಳ್ಳಿ ನಮ್ಮದು. ಕುರಿಗಳಿಗೆ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊದುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಒಂದೇ ಜಂತಿನ ಔಷಧಿ ಕುಡಿಸುತ್ತೇವೆ. ಆದರೂ ಕಮ್ಮಿಯಾಗಲ್ಲ.

ಉತ್ತರ: ಅದೇ ಔಷಧಿಯನ್ನು ಪದೇ ಪದೇ, ಅದೂ ಅಂದಾಜಿನ ಮೇಲೆ ಕಮ್ಮಿ ಕುಡಿಸಿದರೆ ಜಂತು ಅದಕ್ಕೆ ಬಗ್ಗುವುದನ್ನೇ ಬಿಡುತ್ತದೆ. ಕುರಿಯನ್ನು ತೂಗಿ ನೋಡಿ, ಆ ತೂಕಕ್ಕೆ ತಕ್ಕ ಪ್ರಮಾಣ ಕೊಡಿ.

ಗದ್ದ ಊದುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಹೊಟ್ಟೆಯಲ್ಲಿ ರಕ್ತ ಹೀರುವ ಜಂತು. ಇದು ಮಳೆಗಾಲದ ಬೆಚ್ಚನೆಯ ತೇವದಲ್ಲಿ ಹೆಚ್ಚುತ್ತದೆ. ಇನ್ನೊಂದು, ಪಿತ್ತಜನಕಾಂಗದ (ಲಿವರ್) ಹುಳು. ಇದು ನೀರಿನ ಬಸವನಹುಳದ ಮೂಲಕ ಬರುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೋಲಾರದ ಬಹಳ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಅಂತರ್ಜಲಕ್ಕೆ ಒಳ್ಳೆಯದೇ. ಆದರೆ ಸದಾ ಹಸಿಯಾಗಿರುವ ಕೆರೆಯಂಚು ಬಸವನಹುಳಕ್ಕೂ ಒಳ್ಳೆಯ ಜಾಗ. ಅಲ್ಲಿ ಮೇಯಿಸಬೇಡಿ. ನೀರನ್ನು ತೊಟ್ಟಿಯಲ್ಲಿ ಕುಡಿಸಿ. ಎರಡು ಹುಳುಗಳಿಗೂ ಔಷಧಿ ಬೇರೆ ಬೇರೆ. ಅದಕ್ಕೇ ಐದಾರು ಕುರಿಗಳ ಹಸಿ ಹಿಕ್ಕೆಯನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಕುರಿಯನ್ನು ಬಿಸಿಲಿಗೆ ನಿಲ್ಲಿಸಿ, ಮೇಲಿನ ರೆಪ್ಪೆಯಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿ, ಕೆಳಗಿನ ರೆಪ್ಪೆ ಎಳೆಯಿರಿ. ಒಳಗಿನ ಪೊರೆ ಕೆಂಪಗಿದ್ದರೆ ಔಷಧಿ ಬೇಡ. ತಿಳಿ ಗುಲಾಬಿಯಿದ್ದರೆ ಕೊಡಿ. ಬಿಳುಚಿದ್ದರೆ ಅವತ್ತೇ ಕೊಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೀಗೆ ನೋಡಿ, ಬೇಕಾದವಕ್ಕೆ ಮಾತ್ರ ಕುಡಿಸಿದರೆ ಔಷಧಿಯೂ ಉಳಿಯುತ್ತದೆ, ಅದರ ಕಸುವೂ ಉಳಿಯುತ್ತದೆ. ಈ ಪರೀಕ್ಷೆ ರಕ್ತ ಹೀರುವ ಜಂತಿಗೆ ಮಾತ್ರ ನಂಬಿಕೆಯದು. ಇಬ್ಬನಿ ಆರಿದ ಮೇಲೇ ಮಂದೆ ಹೊರಡಿಸಿ.

ಒಂದು ಎಚ್ಚರ. ಟಗರು ಬಿಟ್ಟ ದಿನದಿಂದ, ಅದನ್ನು ತೆಗೆದು ಒಂದು ತಿಂಗಳು ಕಳೆಯುವವರೆಗೆ ಆಲ್ಬೆಂಡಜೋಲ್ ಕುಡಿಸಬೇಡಿ. ಗಬ್ಬದ ಮೊದಲ ತಿಂಗಳಲ್ಲಿ ಅದು ಮರಿಯನ್ನು ಕೆಡಿಸುತ್ತದೆ. ಆಗ ಬೇರೆ ಯಾವುದು ಅಂತ ವೈದ್ಯರನ್ನು ಕೇಳಿ. ನಿಮ್ಮ ಟಗರು ವರ್ಷವೆಲ್ಲಾ ಮಂದೆಯಲ್ಲೇ ಇದ್ದರೆ ಈ ಲೆಕ್ಕ ಹಾಕುವುದೇ ಆಗಲ್ಲ, ಅಲ್ವಾ?

ಪ್ರಶ್ನೆ: ಕಣದಲ್ಲಿ ರಾಗಿ ತಿಂದ ಮೂರು ಕುರಿ ಹೊಟ್ಟೆ ಉಬ್ಬಿ ಸತ್ತವು. ಏನು ಮಾಡಬೇಕಿತ್ತು? (ಕೊರಟಗೆರೆ)

ಉತ್ತರ: ಕಾಳು ಒಮ್ಮೆಗೆ ಹೊಟ್ಟೆ ಸೇರಿದರೆ ಅಲ್ಲಿ ಹುಳಿ ಹೆಚ್ಚಿ ರಕ್ತಕ್ಕೆ ಸೇರುತ್ತದೆ. ತಿಂದದ್ದು ಗೊತ್ತಾದ ತಕ್ಷಣ 15ರಿಂದ 20 ಗ್ರಾಂ ಅಡುಗೆ ಸೋಡಾ ನೀರಲ್ಲಿ ಕದಡಿ ನಿಧಾನವಾಗಿ ಕುಡಿಸಿ, ಒಣ ಹುಲ್ಲು ಬಿಟ್ಟು ಬೇರೇನೂ ಕೊಡಬೇಡಿ, ವೈದ್ಯರನ್ನು ಕರೆಯಿರಿ. ಕುರಿ ಮಲಗಿದ ಮೇಲೆ ಸೋಡಾ ಸಾಕಾಗಲ್ಲ. ಇ.ಟಿ ಬೇನೆ ಕೆರಳುವುದೂ ಹೀಗೆ ಹೊಟ್ಟೆಬಿರಿಯ ತಿಂದಾಗಲೇ. ಚೆನ್ನಾಗಿದ್ದ ಮರಿ ಬೆಳಗ್ಗೆ ನೋಡಿದರೆ ಸತ್ತು ಬಿದ್ದಿರುತ್ತದೆ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಇ.ಟಿ ಲಸಿಕೆ ಹಾಕಿಸಿ. ಮೊದಲ ಸಲ ಹಾಕಿಸುವುದಾದರೆ ಎರಡು ಮೂರು ವಾರಕ್ಕೆ ಇನ್ನೊಂದು ಡೋಸ್ ಬೇಕೇ ಬೇಕು. ಕೂಳೆ ಹೊಲಕ್ಕೆ ಹಸಿದ ಮಂದೆ ಬಿಡಬೇಡಿ. ತೆನೆ ಬಿದ್ದಿದ್ದರೆ ಮೊದಲ ದಿನ ಅರ್ಧ ಗಂಟೆ ಸಾಕು.

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಎರಡು ಎಕರೆ ರೇಷ್ಮೆ ತೋಟ, ಬೋರ್‌ವೆಲ್ ಇದೆ. ಮೂವತ್ತು ಕುರಿ ಸಾಕಿದ್ದೇವೆ. ಎರಡು ವರ್ಷಕ್ಕೆ ಮೂರು ಸಲ ಮರಿ ತೆಗೆಯಬಹುದು ಅಂತಾರೆ. ನಿಜವೇ?

ಉತ್ತರ: ನಿಜ, ಮತ್ತು ನಿಮ್ಮಂಥವರಿಗೆ ಸಾಧ್ಯ. ಮಳೆ ನಂಬಿ ಬಯಲಲ್ಲಿ ಮೇಯಿಸುವವರಿಗೆ ನಾನು ಹೇಳುವುದಿಲ್ಲ, ಕುರಿ ಸವೆದುಹೋಗುತ್ತದೆ.

ಎಂಟು ತಿಂಗಳಿಗೊಮ್ಮೆ ಟಗರು ಬಿಡಬೇಕು: ಜೂನ್ ಮಧ್ಯ, ಮುಂದಿನ ಫೆಬ್ರವರಿ ಮಧ್ಯ, ಆಮೇಲೆ ಅಕ್ಟೋಬರ್ ಮಧ್ಯ. ಮರಿಗಳು ನವೆಂಬರ್, ಜುಲೈ, ಮಾರ್ಚ್‌ನಲ್ಲಿ ಬರುತ್ತವೆ. ಆಮೇಲೆ ಮತ್ತೆ ಜೂನ್. ಮೂರು ತಿಂಗಳಿಗೆ ಮರಿಯನ್ನು ಹಾಲು ಬಿಡಿಸಲೇಬೇಕು. ಅದಕ್ಕಾಗಿ ಮೂರನೇ ವಾರದಿಂದಲೇ ತಾಯಿ ನುಗ್ಗದ ಹಾಗೆ ಕಂಬಿ ಹಾಕಿ, ಒಳಗೆ ಮರಿಗಳಿಗೆ ಮಾತ್ರ ಎಳೆ ಸೊಪ್ಪು, ಸ್ವಲ್ಪ ಕೈತಿಂಡಿ ಇಡಿ. ಜುಲೈ ಮರಿಗಳಿಗೆ ಅಟ್ಟಣಿಗೆಯ ಕೊಟ್ಟಿಗೆ ಇದ್ದರೆ ಮಾತ್ರ ಧೈರ್ಯ ಮಾಡಿ.

ರೇಷ್ಮೆ ಸೊಪ್ಪು ಕುರಿಗೆ ಬಲು ಒಳ್ಳೆಯ ಮೇವು. ದಿನಕ್ಕೆ ಒಂದು ಒಂದೂವರೆ ಕೆಜಿ ಹಸಿ ಸೊಪ್ಪು ಕೊಟ್ಟರೆ ಹಿಂಡಿಯ ಖರ್ಚು ಬಹಳಷ್ಟು ಇಳಿಯುತ್ತದೆ. ಜೊತೆಗೆ ರಾಗಿ ಹುಲ್ಲೋ ಅವರೆ ಹೊಟ್ಟೋ ಇರಲಿ. ಆದರೆ ಔಷಧಿ ಹೊಡೆದ ತೋಟದ ಸೊಪ್ಪು ಬೇಡ. ಹುಳು ತಿಂದು ಬಿಟ್ಟ ತಟ್ಟೆಯ ಕಡ್ಡಿ ಸೊಪ್ಪಿನ ಮೇಲೆ ಸುಣ್ಣ, ಸೋಂಕುನಿವಾರಕ ಪುಡಿ ಇರುತ್ತದೆ, ಬೂಷ್ಟೂ ಹಿಡಿದಿರುತ್ತದೆ. ಅದು ತಿಪ್ಪೆಗೇ ಹೋಗಲಿ.

ಜೋಡಿ ಮರಿ ಹಾಕುವ ನಾರಿ ಸುವರ್ಣ ತಳಿಯ ಬಗ್ಗೆಯೂ ಕೇಳಿದ್ದೀರಿ. ನಿಮ್ಮಲ್ಲಿ ಮೇವಿದೆ, ತರಬಹುದು. ಎರಡು ಮರಿ ಅಂದರೆ ಎರಡು ಮರಿಗೂ ಹಾಲು ಸಾಲಬೇಕು ಅನ್ನುವುದು ನೆನಪಿರಲಿ. ಒಂದೇ ಸಲ ಎರಡು ಹೊಸ ಕೆಲಸ ಬೇಡ. ಮೊದಲು ಎಂಟು ತಿಂಗಳ ಲೆಕ್ಕ ಹಿಡಿತಕ್ಕೆ ಬರಲಿ.

ಪ್ರಶ್ನೆ: ಮಧುಗಿರಿಯಿಂದ ಬರೆಯುತ್ತಿದ್ದೇನೆ. ವರ್ಷ ವರ್ಷ ಮರಿಗಳು ಸಣ್ಣವಾಗುತ್ತಿವೆ. ಟಗರು ನಮ್ಮ ಮಂದೆಯಲ್ಲೇ ಹುಟ್ಟಿದ್ದು. ಸಂತೆಯಿಂದ ಹೊಸದು ತರಲೇ?

ಉತ್ತರ: ಹೊಸ ಟಗರು ಬೇಕು. ಒಂದೇ ಮಂದೆಯಲ್ಲಿ ಎರಡು ವರ್ಷ ದಾಟಿದ ಟಗರು ತನ್ನ ಮಕ್ಕಳನ್ನೇ ಹಾರುತ್ತದೆ, ಮರಿ ಸಣ್ಣವಾಗದೆ ಇನ್ನೇನಾಗುತ್ತದೆ? ಆದರೆ ಸಂತೆಗಿಂತ, ದೂರದ ಊರಿನ ಒಳ್ಳೆಯ ಮಂದೆಯಿಂದ, ತಾಯಿಯನ್ನು ನೋಡಿ ತನ್ನಿ. ಅಕ್ಕಿರಾಂಪುರದಂಥ ಸಂತೆಗೆ ಹತ್ತೂರ ಕುರಿ ಬರುತ್ತವೆ. ಪಿಪಿಆರ್ ಅನ್ನುವ ಅಂಟುರೋಗ, ಸಿಡುಬು ಕೂಡ ಜೊತೆಗೇ ಬರಬಹುದು. ಎಲ್ಲಿಂದ ತಂದರೂ ಮೂರು ವಾರ ಬೇರೆ ಕಟ್ಟಿ, ಲಸಿಕೆ ಹಾಕಿಸಿ, ಆಮೇಲೆ ಮಂದೆಗೆ ಸೇರಿಸಿ. ಜೂನ್‌ಗೆ ಬೇಕಾದ ಟಗರನ್ನು ಜೂನ್‌ನಲ್ಲಿ ಹುಡುಕಬೇಡಿ.

ಮಾರುವುದರಲ್ಲೂ ಒಂದು ಕ್ರಮ ಇರಲಿ. ನವೆಂಬರ್, ಡಿಸೆಂಬರ್ ಮರಿಗಳಿಗೆ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಮೂರ್ನಾಲ್ಕು ತಿಂಗಳಾಗಿರುತ್ತದೆ. ಬೆಲೆ ಚೆನ್ನಾಗಿದೆ ಅಂತ ದಪ್ಪನೆಯ ಹೆಣ್ಣು ಮರಿಗಳನ್ನೂ ಗಾಡಿ ಹತ್ತಿಸುವವರಿದ್ದಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ, ಮುಂದಿನ ಮಂದೆಯೇ ಹೋದ ಹಾಗೆ. ಅವನ್ನು ಉಳಿಸಿ, ಗಂಡು ಮರಿಗಳನ್ನು ಮಾರಿ. ಬಕ್ರೀದ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದು ಕೆಲವು ಗಂಡು ಮರಿಗಳನ್ನು ಅದಕ್ಕೆ ಕೊಬ್ಬಿಸಬಹುದು. ಹಲ್ಲು ಉದುರಿದ ಕುರಿ, ಕೆಚ್ಚಲು ಗಟ್ಟಿಯಾದ ಕುರಿ, ಎರಡು ಸಲ ಟಗರು ಬಿಟ್ಟರೂ ಗೊಡ್ಡು ಉಳಿದ ಕುರಿ ಇವೆಲ್ಲ ಬೇಸಿಗೆಗೆ ಮುಂಚೆ ಹೋಗಲಿ. ಮಾರ್ಚ್ ಕಳೆದರೆ ಅವು ತಿನ್ನುವ ಒಂದೊಂದು ಹಿಡಿ ಹೊಟ್ಟೂ ಜೂನ್‌ಗೆ ಮೈ ಹಿಡಿಯಬೇಕಾದ ಕುರಿಯ ಪಾಲಿನದು.