ಎಲೆ ಎಷ್ಟು ಅಂತ ಮೊದಲು ಹೇಳಿ

ತುಮಕೂರಿನ ಶಿರಾ ಗೇಟ್ ಕಡೆಯ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಬರೆದಿದ್ದಾರೆ. ಅವರು ಮೊನ್ನೆ ಒಂದು ಆರತಕ್ಷತೆಗೆ ಹೋಗಿದ್ದರು. ರಾತ್ರಿ ಹನ್ನೊಂದಕ್ಕೆ ಛತ್ರದ ಹಿಂದೆ ಪಲಾವು, ಪೂರಿ, ಜಾಮೂನು ಎಲ್ಲವನ್ನೂ ಟ್ರ್ಯಾಕ್ಟರಿಗೆ ಸುರಿಯುತ್ತಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಹಸಿದು ಮಲಗುವವರು ಇದ್ದಾರೆ, ಹೀಗಿರುವಾಗ ನಮ್ಮೂರಿಗೂ ಒಂದು ಫುಡ್ ಬ್ಯಾಂಕ್ ಬೇಡವೇ, ಪತ್ರಿಕೆಯೇ ಮುಂದೆ ನಿಂತು ಒಂದು ವ್ಯಾನ್ ಓಡಿಸಬಾರದೇ ಅಂತ ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಸಂಕಟ ನಿಜ. ಎಸೆಯುವುದಕ್ಕಿಂತ ಹಂಚುವುದು ಮೇಲು, ಅದರಲ್ಲಿ ಎರಡು ಮಾತಿಲ್ಲ. ಮಧ್ಯರಾತ್ರಿ ಬೈಕಿನಲ್ಲಿ ಡಬ್ಬ ಇಟ್ಟುಕೊಂಡು ಓಡಾಡುವ ಹುಡುಗರಿದ್ದಾರಲ್ಲ, ಅವರಿಗೆ ದೊಡ್ಡ ನಮಸ್ಕಾರ. ಫ್ರಾನ್ಸಿನಲ್ಲಿ 2016ರಿಂದ ದೊಡ್ಡ ಸೂಪರ್ ಮಾರ್ಕೆಟ್‌ನವರು ತಿನ್ನಲು ಚೆನ್ನಾಗಿರುವ ಪದಾರ್ಥವನ್ನು ಹಾಳುಮಾಡುವಂತಿಲ್ಲ. ನಮ್ಮಲ್ಲೂ ಉಳಿದ ಆಹಾರ ಹಂಚುವುದಕ್ಕೆ 2019ರಲ್ಲಿ ನಿಯಮ ಬಂದಿದೆ. ಇಷ್ಟು ಒಪ್ಪಿದೆ. ಇನ್ನು ನನ್ನ ತಕರಾರು ಕೇಳಿ.

ಜಗತ್ತಿನ ಮೊದಲ ಫುಡ್ ಬ್ಯಾಂಕ್ ಶುರುವಾಗಿದ್ದು 1967ರಲ್ಲಿ, ಅಮೆರಿಕದ ಫೀನಿಕ್ಸ್‌ನಲ್ಲಿ. ಶುರು ಮಾಡಿದವರು ಜಾನ್ ವ್ಯಾನ್ ಹೆಂಗಲ್. ಅವರು ಕೂಡಿಸಿದ್ದು ಮದುವೆಮನೆಯ ಪಲಾವನ್ನಲ್ಲ. ಮರದಲ್ಲೇ ಬಿಟ್ಟಿದ್ದ ಕಿತ್ತಳೆ ಜಾತಿಯ ಹಣ್ಣು, ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಚೆನ್ನಾಗಿರುವ ಸಾಮಾನು. ಅಂದರೆ ಗೋಡೌನಿನಲ್ಲಿ ಇಟ್ಟು, ಎಣಿಸಿ, ಬೇಕಾದವರಿಗೆ ಬೇಕಾದಾಗ ಕೊಡಬಹುದಾದ ಪದಾರ್ಥ. ನೀವು ಕೇಳುತ್ತಿರುವುದು ಬೇರೆ. ರಾತ್ರಿ ಹನ್ನೊಂದಕ್ಕೆ ಉಳಿದದ್ದನ್ನು ಹನ್ನೆರಡರೊಳಗೆ ಯಾರದಾದರೂ ಹೊಟ್ಟೆಗೆ ಸೇರಿಸುವ ಕೆಲಸ.

ಹಿರಿಯ ಅಡುಗೆ ಭಟ್ಟರೊಬ್ಬರ ಜೊತೆ ಛತ್ರದ ಹಿಂದೆ ಕೂತು ಮಾತಾಡಿದ್ದೆ. ಮಧ್ಯಾಹ್ನದ ಕೊನೆ ಪಂಕ್ತಿ ಎದ್ದು ಬಹಳ ಹೊತ್ತಾಗಿತ್ತು. ಒಂದೊಂದೇ ಕೊಳಗದ ಮುಚ್ಚಳ ತೆಗೆದು ತೋರಿಸಿದರು. ‘ಮೊದಲು ಕೋಸಂಬರಿ ಹೋಗುತ್ತೆ. ಆಮೇಲೆ ಕಾಯಿ ಹಾಕಿದ ಪಲ್ಯ. ಮಜ್ಜಿಗೆ ಹುಳಿ ಸಂಜೆ ತನಕ ತಡೆಯಲ್ಲ. ಸಾರು ಇನ್ನೊಂದು ಸಲ ಕುದಿಸಿದ್ರೆ ರಾತ್ರಿಗೆ ಬರುತ್ತೆ. ಅನ್ನ ಮೇಲೆ ಉದುರಾಗೇ ಕಾಣುತ್ತೆ, ತಳಕ್ಕೆ ಕೈ ಹಾಕಿ ನೋಡಿ ಸ್ವಾಮಿ’ ಅಂದರು. ಹಾಕಿದೆ. ಅಂಟು ಬಂದಿತ್ತು, ಇನ್ನೂ ಬೆಚ್ಚಗಿತ್ತು. ಆ ಬೆಚ್ಚಗಿರುವುದೇ ಅಪಾಯ. 5ರಿಂದ 60 ಡಿಗ್ರಿ ನಡುವಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅದನ್ನು ಕವರಿಗೆ ತುಂಬಿ ಬಸ್ ಸ್ಟ್ಯಾಂಡಿಗೆ ಒಯ್ದರೆ ಕೊಟ್ಟವರು ನೆಮ್ಮದಿಯಾಗಿ ಮಲಗುತ್ತಾರೆ. ತಿಂದವನಿಗೆ ಬೆಳಗ್ಗೆ ಹೊಟ್ಟೆ ಏನಾಯಿತು ಅಂತ ಕೇಳೋಕೆ ಯಾರು ಹೋಗುತ್ತಾರೆ?

ಅಷ್ಟೊಂದು ಯಾಕೆ ಉಳಿಯಿತು ಅಂತಲೂ ಕೇಳಿದೆ. ಭಟ್ಟರು ನಕ್ಕರು. ‘ಎಲೆ ಎಷ್ಟು ಅಂತ ನಾನು ಕೇಳ್ತೀನಿ. ಯಜಮಾನ್ರು ಲಗ್ನಪತ್ರಿಕೆ ಎಷ್ಟು ಹಂಚಿದೀವಿ ಅಂತ ಹೇಳ್ತಾರೆ.’

ಈ ಒಂದು ಮಾತಿನಲ್ಲಿ ಎಲ್ಲಾ ಇದೆ, ಅಲ್ವಾ? ಬೆಂಗಳೂರಿನ ಛತ್ರಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಅಂತ ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಹಿಂದೊಮ್ಮೆ ಲೆಕ್ಕ ಹಾಕಿದ್ದರು. ಅದನ್ನು ಓದಿದವರೆಲ್ಲ ಅಯ್ಯೋ, ಇಷ್ಟು ಜನರ ಹೊಟ್ಟೆ ತುಂಬುತ್ತಿತ್ತಲ್ಲ ಅಂದರು. ಅಷ್ಟು ಬೇಯಿಸಿದ್ದೇ ಯಾಕೆ ಅಂತ ಕೇಳಿದವರು ಕಮ್ಮಿ. ನಮ್ಮಲ್ಲಿ ಉಳಿದರೇನೇ ಗೌರವ. ಕಮ್ಮಿ ಬಿದ್ದರೆ ಬೀಗರ ಮುಂದೆ ಮಾನ ಹೋಗುತ್ತದೆ. ಎಲೆ ಊಟ ಹೋಗಿ ಬಫೆ ಬಂದ ಮೇಲಂತೂ ದೋಸೆಗೊಂದು ಕೌಂಟರು, ಚಾಟ್ಸಿಗೊಂದು, ಯಾರೂ ಮುಟ್ಟದ ಪಾಸ್ತಾಕ್ಕೊಂದು.

ಎಣಿಸಿ ಬೇಯಿಸುವುದು ನಿಮಗೆ ಹೊಸದಲ್ಲ ಮೇಷ್ಟ್ರೇ. ಅಕ್ಷರ ದಾಸೋಹ ನಡೆಸಿದವರು ನೀವು. ಬೆಳಗ್ಗೆ ಹಾಜರಿ ಕರೆದು, ಆ ಲೆಕ್ಕ ಅಡುಗೆಯವರಿಗೆ ಹೋದ ಮೇಲೇ ಅಕ್ಕಿ ಅಳೆಯುತ್ತಿದ್ದದ್ದು. ಐದನೇ ಕ್ಲಾಸಿನವರೆಗೆ ಮಗುವಿಗೆ 100 ಗ್ರಾಂ, ಅದರ ಮೇಲಿನವರಿಗೆ 150. ಶಾಲೆಗೆ ಬರುವ ಈ ಲೆಕ್ಕ ಲಕ್ಷಗಟ್ಟಲೆ ಖರ್ಚು ಮಾಡುವ ಯಜಮಾನರಿಗೆ ಬಾರದೇ? ನೀವು ಆ ಆರತಕ್ಷತೆಯಲ್ಲಿ ಹುಡುಗನ ಅಪ್ಪನಿಗೆ ಒಂದು ಮಾತು ಹೇಳಬಹುದಿತ್ತು. ಬಹುಶಃ ನಿಮ್ಮ ಹಳೇ ವಿದ್ಯಾರ್ಥಿಯೇ ಇರಬೇಕು!

ಇನ್ನೊಂದು ವಿಷಯ. ಛತ್ರದ ಊಟ ನಂಬಿಕೊಂಡವನು ಆಷಾಢದಲ್ಲಿ ಏನು ತಿನ್ನಬೇಕು? ಮುಹೂರ್ತ ಇದ್ದ ದಿನ ಅವನಿಗೆ ಜಾಮೂನು, ಇಲ್ಲದ ದಿನ ನಲ್ಲಿ ನೀರು. ಬಿಪಿ, ಸಕ್ಕರೆ ಕಾಯಿಲೆ ಅವನಿಗೂ ಇರುತ್ತೆ. ಅವನಿಗೆ ಬೇಕಾದದ್ದು ದಿನಾ ಒಂದೇ ಹೊತ್ತಿಗೆ ಮುದ್ದೆ, ಸಾರು.

ನಮ್ಮೂರಲ್ಲಿ ಅದು ಹೇಗೆ ನಡೆಯುತ್ತದೆ ಅಂತ ನೋಡಲು ಫೀನಿಕ್ಸ್‌ಗೆ ಹೋಗಬೇಕಿಲ್ಲ. ಕ್ಯಾತ್ಸಂದ್ರಕ್ಕೆ ಹೋದರೆ ಸಾಕು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ದಿನಾ ಊಟಕ್ಕೆ ಕೂರುತ್ತಾರೆ. ಸುತ್ತಲಿನ ರೈತರು ಕಣದಿಂದಲೇ ರಾಗಿ ತಂದು ಹಾಕುತ್ತಾರೆ, ತೆಂಗಿನಕಾಯಿ ತರುತ್ತಾರೆ, ತರಕಾರಿ ತರುತ್ತಾರೆ. ಉಂಡು ಮಿಕ್ಕಿದ್ದನ್ನಲ್ಲ, ಉಣ್ಣುವ ಮೊದಲು ತೆಗೆದಿಟ್ಟಿದ್ದನ್ನು. ಕೊಟ್ಟವರೂ ಅಲ್ಲೇ ಕೂತು ಅದನ್ನೇ ಉಣ್ಣುತ್ತಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಹೋದರು. ಮಕ್ಕಳ ಊಟ ಮುಗಿದ ಮೇಲೇ ಸುದ್ದಿ ಹೇಳಿ ಅಂತ ಅವರೇ ಮೊದಲು ಹೇಳಿಟ್ಟಿದ್ದರಂತೆ.

ಫುಡ್ ಬ್ಯಾಂಕ್ ಬಂದರೆ ಹಸಿವು ಹೋಗುತ್ತದೆ ಅಂತಲೂ ಬರೆದಿದ್ದೀರಿ. ಬ್ರಿಟನ್ ನೋಡಿ. ಅಲ್ಲಿನ ಟ್ರಸೆಲ್ ಟ್ರಸ್ಟ್ 2000ದಲ್ಲಿ ಒಂದೇ ಊರಿನಲ್ಲಿ ಶುರು ಮಾಡಿತು. 2023-24ರಲ್ಲಿ ಹಂಚಿದ್ದು 31 ಲಕ್ಷ ಪೊಟ್ಟಣ. ಶ್ರೀಮಂತ ದೇಶದಲ್ಲಿ ಸಾಲು ಬೆಳೆಯುತ್ತಾ ಹೋಯಿತು. ದಾನಿಗಳು ನೋಡಿಕೊಳ್ಳುತ್ತಾರಲ್ಲ ಅಂತ ಸರ್ಕಾರ ಆರಾಮಾಗಿ ಕೂತರೆ ಹಾಗೇ ಆಗೋದು.

ಮಿಕ್ಕಿದ್ದು ಅಂದರೆ ಛತ್ರದ್ದು ಮಾತ್ರವೇ? ಕೋಲಾರದ ಎಪಿಎಂಸಿಗೆ ಹೋಗಿ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದಾಗ ಟಿವಿಯವರೆಲ್ಲ ಓಡಿಬಂದರು. ಬೆಲೆ ಬಿದ್ದು, ಕೀಳುವ ಕೂಲಿಯೂ ಹುಟ್ಟದೆ ರೈತ ರಸ್ತೆಗೆ ಸುರಿದಾಗ ಯಾರೂ ವ್ಯಾನ್ ಕೇಳಲಿಲ್ಲ. ಅದು ಎಂಜಲಲ್ಲ, ಹಳಸಿದ್ದಲ್ಲ, ಬೆಳಗ್ಗೆ ಕಿತ್ತ ಹಣ್ಣು. ಅದನ್ನು ಕೂಲಿ ಕೊಟ್ಟು ಕೊಂಡು ಹಾಸ್ಟೆಲ್ಲುಗಳಿಗೆ, ಅಂಗನವಾಡಿಗಳಿಗೆ ಮುಟ್ಟಿಸುವ ಫುಡ್ ಬ್ಯಾಂಕ್ ಯಾರಾದರೂ ಕಟ್ಟಲಿ, ಮುಖಪುಟದಲ್ಲಿ ಹಾಕುತ್ತೇನೆ. ಆದರೆ ಟೊಮೆಟೊ ಕ್ರೇಟು ಹೊತ್ತರೆ ಫೋಟೊ ಚೆನ್ನಾಗಿ ಬರಲ್ಲ. ಅನ್ನದ ಪೊಟ್ಟಣಕ್ಕೆ ಒಂದು ಮುದುಕಿ ಕೈ ಚಾಚಿದರೇನೇ ಲೈಕ್ಸು.

ಆ ಮುದುಕಿಗೆ ರೇಷನ್ ಕಾರ್ಡ್ ಇದೆಯಾ ಅಂತ ಫೋಟೊ ತೆಗೆದವರು ಕೇಳಿರುತ್ತಾರಾ? ಅನ್ನಭಾಗ್ಯ 2013ರಿಂದ ಇದೆ. ಆಹಾರ ಭದ್ರತಾ ಕಾಯ್ದೆಯೂ ಅದೇ ವರ್ಷದ್ದು. ಅಂದರೆ ಅಕ್ಕಿ ಅವಳ ಹಕ್ಕು, ಯಾರ ಧರ್ಮವೂ ಅಲ್ಲ. ಆದರೆ ಕಲ್ಲು ಹೊತ್ತು, ಹುಲ್ಲು ಕೊಯ್ದು ಸವೆದ ಹೆಬ್ಬೆಟ್ಟನ್ನು ಮೆಷಿನ್ ಗುರುತು ಹಿಡಿಯಲ್ಲ. ಸರ್ವರ್ ಇಲ್ಲ, ನಾಳೆ ಬಾ ಅಂತಾರೆ. ಒಂದು ದಿನದ ಕೂಲಿ ಹೋಯಿತು. ನಾಳೆ ಬಂದರೆ ಸ್ಟಾಕ್ ಇಲ್ಲ. ಈ ಕೌಂಟರಿನಲ್ಲಿ ಖಾಲಿ ಚೀಲ ಹಿಡಿದು ವಾಪಸ್ ಹೋದವರೇ ರಾತ್ರಿ ನಿಮ್ಮ ವ್ಯಾನಿಗೆ ಕಾಯುವವರು.

ವ್ಯಾನ್ ಓಡಿಸುವ ದುಡ್ಡು ನನ್ನ ಹತ್ತಿರ ಇಲ್ಲ. ಪೇಪರ್ ರೇಟು ಕೇಳಿದರೆ ನೀವೇ ನಮಗೆ ಪೊಟ್ಟಣ ಕಳಿಸುತ್ತೀರಿ. ಬದಲಿಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಮುಂದಿನ ತಿಂಗಳು ರೇಷನ್ ಕೊಡುವ ದಿನ ನಿಮ್ಮ ಬೀದಿಯ ನ್ಯಾಯಬೆಲೆ ಅಂಗಡಿ ಎದುರು ಒಂದು ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಹಳೇ ಅಭ್ಯಾಸದಂತೆ ಹಾಜರಿ ತೆಗೆದುಕೊಳ್ಳಿ. ಎಷ್ಟು ಜನ ಬಂದರು, ಎಷ್ಟು ಜನ ಬರಿಗೈಲಿ ಹೋದರು, ಅವರಿಗೆ ಏನು ಕಾರಣ ಹೇಳಿದರು, ಎಲ್ಲಾ ಬರೆದು ಕಳಿಸಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಯಾರ ಫೋಟೊನೂ ಬೇಡ.

— ಸಂ.